ಬ್ಯಾಂಕ್ ನೌಕರಿ: ಹೌದು ಅಥವಾ ಇಲ್ಲ ಎನ್ನುವ ಮೊದಲು

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಪದವಿ ವಿದ್ಯಾರ್ಥಿಗಳು ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಪದವಿಯ ಕೊನೆಯ ವರ್ಷಕ್ಕೆ ಬಂದ ಮಕ್ಕಳೂ ಅವರ ಹೆತ್ತವರೂ ನಮ್ಮಲ್ಲಿ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ದೊಡ್ಡ ಬ್ಯಾಂಕಿನಲ್ಲಿ ಕೆಲಸ ಸಿಕ್ಕರೆ ಸೇರಬಹುದೇ? ಮಕ್ಕಳು ಕೇಳುವಾಗ ಅದರಲ್ಲಿ ಸಂಬಳ ಮತ್ತು ಭದ್ರತೆಯ ಆಸೆ ಇರುತ್ತದೆ. ತಂದೆ ಕೇಳುವಾಗ ವರ್ಗಾವಣೆಯ ಭಯ ಇರುತ್ತದೆ. ತಾಯಿ ಧ್ವನಿ ತಗ್ಗಿಸಿ ಕೇಳುವಾಗ ಅದು ಹಲಾಲ್-ಹರಾಮ್‌ನ ಪ್ರಶ್ನೆಯಾಗಿರುತ್ತದೆ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ನಮ್ಮ ಊರುಗಳಲ್ಲಿ ಈ ಮೂರಕ್ಕೂ ಉತ್ತರ ಹೇಳುವವರು ಸಾಮಾನ್ಯವಾಗಿ ಬ್ಯಾಂಕಿನ ಒಳಗೆ ಒಂದು ದಿನವೂ ಕೆಲಸ ಮಾಡಿದವರಲ್ಲ. ಆದ್ದರಿಂದ ಹೌದು ಅಥವಾ ಇಲ್ಲ ಎನ್ನುವ ಮೊದಲು ಆ ಕೆಲಸ ಎಂಥದ್ದೆಂದು ತಿಳಿಯುವುದು ಒಳ್ಳೆಯದು.

ಈ ಚರ್ಚೆಗೆ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಗಿಂತ ತಕ್ಕ ನೆಲ ದೇಶದಲ್ಲಿ ಬಹುಶಃ ಇಲ್ಲ. 1906ರಲ್ಲಿ ಉಡುಪಿಯ ವ್ಯಾಪಾರಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್ ಅವರು ಗೆಳೆಯರೊಂದಿಗೆ ಸೇರಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಜಾತಿ-ಮತದ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವುದು ಅದರ ಘೋಷಿತ ಉದ್ದೇಶವಾಗಿತ್ತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಇಂದಿನ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಸ್ಥಾಪಿಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆ ತಂದು, ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆ ಬಾಗಿಲಿಗೇ ಹೋಯಿತು. ಒಂದೇ ಜಿಲ್ಲೆಯಿಂದ ಐದು ಬ್ಯಾಂಕುಗಳು ಹುಟ್ಟಿ ದೇಶವಿಡೀ ಹರಡಿದ ಕಥೆ ಇದು.

ಆ ಬ್ಯಾಂಕುಗಳ ಮೂಲಕ ಈ ಜಿಲ್ಲೆಯ ಎಷ್ಟೋ ಮನೆತನಗಳು ಎರಡೇ ತಲೆಮಾರಿನಲ್ಲಿ ಗೇಣಿ ಗದ್ದೆಯಿಂದ ಮೇಜಿನ ಕೆಲಸಕ್ಕೆ ಬಂದವು. ಒಬ್ಬ ಅಣ್ಣ ಬ್ಯಾಂಕಿಗೆ ಸೇರಿದರೆ ತಮ್ಮಂದಿರ ಓದು, ತಂಗಿಯ ಮದುವೆ, ಮನೆಯ ಹೆಂಚು ಎಲ್ಲವೂ ಆ ಸಂಬಳದಿಂದಲೇ ನಡೆಯುತ್ತಿತ್ತು. ನಮ್ಮ ಸಮುದಾಯದಲ್ಲಿ ಅದೇ ಕೆಲಸವನ್ನು ಗಲ್ಫಿನ ವೀಸಾ ಮಾಡಿತು. ಹೋಲಿಕೆ ತಪ್ಪಲ್ಲ, ಆದರೆ ವ್ಯತ್ಯಾಸವೂ ಇದೆ. ವೀಸಾ ಮುಗಿದಾಗ ಮನುಷ್ಯ ಬರಿಗೈಯಲ್ಲಿ ಊರಿಗೆ ಮರಳುವ ಸಾಧ್ಯತೆ ಇದೆ. ಬ್ಯಾಂಕಿನಲ್ಲಿ ದುಡಿದವನು ಅರವತ್ತರ ನಂತರ ಗ್ರಾಚ್ಯುಟಿ, ಭವಿಷ್ಯ ನಿಧಿ ಹಿಡಿದು ಬರುತ್ತಾನೆ.

2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂತು. ಬ್ಯಾಂಕುಗಳು ಹಾಗೂ ರಿಸರ್ವ್ ಬ್ಯಾಂಕಿನ ನೌಕರರಲ್ಲಿ ಮುಸ್ಲಿಮರ ಪಾಲು ಶೇ. 2.2 ಎಂದು ಅದು ದಾಖಲಿಸಿತು. ಆಗ ಜನಸಂಖ್ಯೆಯಲ್ಲಿ ನಮ್ಮ ಪಾಲು 2001ರ ಜನಗಣತಿಯಂತೆ ಶೇ. 13.4. ಅಂದರೆ ಮುಸ್ಲಿಮ್ ವ್ಯಾಪಾರಿಯೊಬ್ಬರು ಬ್ಯಾಂಕು ಕಟ್ಟಿ ಸರಿಯಾಗಿ ನೂರು ವರ್ಷಗಳಾದಾಗ ಬ್ಯಾಂಕಿನ ಕೌಂಟರಿನಾಚೆ ನಾವು ಕಾಣುತ್ತಿದ್ದದ್ದು ಅಪರೂಪ. ಮುಸ್ಲಿಮರು ಹೆಚ್ಚಿರುವ ಕೆಲವು ಪ್ರದೇಶಗಳನ್ನು ಸಾಲ ಕೊಡಬಾರದ ವಲಯಗಳೆಂದು ಬ್ಯಾಂಕುಗಳು ಗುರುತಿಸಿಕೊಂಡಿರುವುದನ್ನೂ ಅದೇ ವರದಿ ಎತ್ತಿ ತೋರಿಸಿತು.

ಇದರಲ್ಲಿ ತಾರತಮ್ಯದ ಪಾಲು ಎಷ್ಟು, ನಮ್ಮ ಗೈರುಹಾಜರಿಯ ಪಾಲು ಎಷ್ಟು? ಎರಡೂ ಇರಬಹುದು. ಆದರೆ ಕ್ಲರ್ಕ್ ನೇಮಕಾತಿಯ ವಿಷಯದಲ್ಲಿ ಮೊದಲನೆಯದನ್ನು ಹೇಳುವುದು ಕಷ್ಟ. 2011ರಿಂದ ಸರಕಾರಿ ಬ್ಯಾಂಕುಗಳ ನೇಮಕಾತಿಗೆ ಐಬಿಪಿಎಸ್ ಸಂಸ್ಥೆಯ ಸಾಮಾನ್ಯ ಪರೀಕ್ಷೆ ಇದೆ. ಉತ್ತರಗಳನ್ನು ನೋಡುವುದು ಕಂಪ್ಯೂಟರ್. ಕ್ಲರ್ಕ್ ಹುದ್ದೆಗೆ ಸಂದರ್ಶನವೂ ಇಲ್ಲ. ಅರ್ಜಿಯನ್ನೇ ಹಾಕದವನು ಅನ್ಯಾಯವಾಯಿತೆಂದು ದೂರುವುದು ಹೇಗೆ?

ಇನ್ನು ಕೆಲಸದ ಕಡೆಗೆ ಬರೋಣ. ಲಾಭದ ಪಟ್ಟಿಯನ್ನು ಬೇಗನೆ ಮುಗಿಸುತ್ತೇವೆ, ಏಕೆಂದರೆ ಅದು ಎಲ್ಲರಿಗೂ ಕಾಣುವಂಥದ್ದು. 2024ರ ಮಾರ್ಚ್‌ನಲ್ಲಿ ಸಹಿಯಾದ ವೇತನ ಒಪ್ಪಂದದಂತೆ ಕ್ಲರ್ಕ್‌ಗೆ ಆರಂಭದ ಮೂಲ ವೇತನ 24,050 ರೂಪಾಯಿ, ಅಧಿಕಾರಿಗೆ 48,480 ರೂಪಾಯಿ. ಇದರ ಮೇಲೆ ತುಟ್ಟಿಭತ್ತೆ, ಮನೆ ಬಾಡಿಗೆ ಭತ್ತೆ. ಕುಟುಂಬಕ್ಕೆ ವೈದ್ಯಕೀಯ ವಿಮೆ. ಹೆಣ್ಣುಮಕ್ಕಳಿಗೆ ಹೆರಿಗೆ ರಜೆ. ಕೆಲಸದಲ್ಲಿದ್ದುಕೊಂಡೇ ಜೆಎಐಐಬಿ, ಸಿಎಐಐಬಿ ಪರೀಕ್ಷೆ ಪಾಸು ಮಾಡಿದರೆ ಹೆಚ್ಚುವರಿ ಇನ್‌ಕ್ರಿಮೆಂಟ್. ಬೀಡಿ ಕಟ್ಟಿದ ಹಣದಲ್ಲಿ ಮಕ್ಕಳನ್ನು ಪದವಿಯವರೆಗೆ ತಂದ ತಾಯಂದಿರು ನಮ್ಮ ತಾಲೂಕುಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಅಂಥ ಮನೆಗೆ ತಿಂಗಳ ಕೊನೆಯಲ್ಲಿ ತಪ್ಪದೆ ಬರುವ ಸಂಬಳ ಏನೆಂಬುದನ್ನು ಹೇಳುವ ಅಗತ್ಯವಿಲ್ಲ.

ಒಂದು ತಪ್ಪು ತಿಳುವಳಿಕೆಯನ್ನು ಮಾತ್ರ ತಿದ್ದಬೇಕು. ನಿವೃತ್ತ ಬ್ಯಾಂಕ್ ನೌಕರರ ಪಿಂಚಣಿಯನ್ನು ನೋಡಿ ಅದೇ ತಮಗೂ ಸಿಗುತ್ತದೆಂದು ಯುವಕರು ಭಾವಿಸುತ್ತಾರೆ. 2010ರ ಏಪ್ರಿಲ್ 1ರಂದು ಮತ್ತು ನಂತರ ಸೇರಿದವರಿಗೆ ಆ ಹಳೆಯ ಪಿಂಚಣಿ ಇಲ್ಲ. ಅವರು ಹೊಸ ಪಿಂಚಣಿ ಯೋಜನೆಗೆ ಸೇರುತ್ತಾರೆ. ಅದರ ಫಲ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟುಬಿದ್ದಿರುತ್ತದೆ.

ಕಷ್ಟದ ಭಾಗವೇ ಮುಖ್ಯ, ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೊರಗಿನಿಂದ ನೋಡುವವನಿಗೆ ಬ್ಯಾಂಕ್ ಎಂದರೆ ಹತ್ತರಿಂದ ನಾಲ್ಕರವರೆಗಿನ ಕೆಲಸ. ಕೌಂಟರ್ ಮುಚ್ಚಿದ ಮೇಲೆ ಒಳಗಿನ ಕೆಲಸ ಆರಂಭವಾಗುತ್ತದೆಂಬುದು ಅವನಿಗೆ ಕಾಣುವುದಿಲ್ಲ. ಕ್ಯಾಶಿಯರ್ ಆದವನು ದಿನದ ಕೊನೆಗೆ ನೋಟುಗಳನ್ನು ಎಣಿಸಿ ಲೆಕ್ಕಕ್ಕೆ ತಾಳೆ ಹಾಕಬೇಕು. ಕಡಿಮೆ ಬಿದ್ದರೆ ತನ್ನ ಕಿಸೆಯಿಂದ ತುಂಬಬೇಕು. ಐನೂರರ ಕಟ್ಟಿನಲ್ಲಿ ಒಂದು ನೋಟು ಹೆಚ್ಚು ಹೋದರೂ ಅದು ಅವನದೇ ನಷ್ಟ. ತಿಜೋರಿಗೆ ಎರಡು ಕೀಲಿಕೈಗಳು, ಇಬ್ಬರ ಕೈಯಲ್ಲಿ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಕೀಲಿ ಇಟ್ಟುಕೊಂಡವನಿಗೆ ಜ್ವರ ಬಂದರೂ, ಮನೆಯಲ್ಲಿ ಸಾವಾದರೂ ಮೊದಲು ಕೀಲಿಕೈಯನ್ನು ಇನ್ನೊಬ್ಬರಿಗೆ ದಾಖಲೆಯಲ್ಲಿ ಬರೆದು ಒಪ್ಪಿಸಿಯೇ ಹೋಗಬೇಕು. 2016ರ ನವೆಂಬರ್ 8ರ ನೋಟು ಅಮಾನ್ಯದ ನಂತರದ ವಾರಗಳಲ್ಲಿ ಈ ನೌಕರರು ಕಂಡ ಹಗಲು-ರಾತ್ರಿಗಳನ್ನು ಸಾಲಿನಲ್ಲಿ ನಿಂತಿದ್ದ ನಾವು ಗಮನಿಸಲಿಲ್ಲ. ನಮ್ಮ ಸಿಟ್ಟನ್ನೆಲ್ಲ ಅವರ ಮೇಲೆಯೇ ತೀರಿಸಿಕೊಂಡೆವು.

ಎರಡನೆಯದು ಗುರಿ. ಠೇವಣಿಯ ಗುರಿ, ಸಾಲದ ಗುರಿ, ವಸೂಲಿಯ ಗುರಿ. ಇವು ಬ್ಯಾಂಕಿನ ಸಹಜ ಕೆಲಸಗಳು. ಆದರೆ ಈಗ ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡುಗಳನ್ನು ಮಾರುವ ಗುರಿಯೂ ಸೇರಿದೆ. ಬೆಳಗ್ಗೆ ಮೇಲಿನ ಕಚೇರಿಯಿಂದ ಕರೆ, ಸಂಜೆ ಲೆಕ್ಕ. ಕೃಷಿ ಸಾಲ ಕೇಳಲು ಬಂದ ರೈತನಿಗೆ, ನಿಮಗೆ ಈ ವಿಮೆಯೂ ಬೇಕು ಎಂದು ಹೇಳಬೇಕಾದ ಸ್ಥಿತಿಯಲ್ಲಿ ಒಬ್ಬ ಪ್ರಾಮಾಣಿಕ ಅಧಿಕಾರಿ ಇರುತ್ತಾನೆ. ಅದು ಆ ರೈತನಿಗೆ ಬೇಡವೆಂದು ಇಬ್ಬರಿಗೂ ಗೊತ್ತಿರುತ್ತದೆ. ಅಂಥ ದಿನ ಮನೆಗೆ ಬಂದವನ ಮನಸ್ಸು ಹೇಗಿರಬೇಕು? ನಮ್ಮ ದೃಷ್ಟಿಯಲ್ಲಿ ಈ ಕೆಲಸದ ಅತಿ ದೊಡ್ಡ ಭಾರ ಇದೇ. ದುಡಿಮೆಯ ದಣಿವು ನಿದ್ದೆಯಿಂದ ಹೋಗುತ್ತದೆ, ಈ ಭಾರ ಹೋಗುವುದಿಲ್ಲ.

ಮೂರನೆಯದು ಸಹಿಯ ಹೊಣೆ. ಮ್ಯಾನೇಜರ್ ಮಂಜೂರು ಮಾಡಿದ ಸಾಲ ವಸೂಲಾಗದಿದ್ದರೆ ಅದು ಅನುತ್ಪಾದಕ ಸಾಲವಾಗುತ್ತದೆ, ಆಗ ಅವನ ಹೊಣೆಯ ವಿಚಾರಣೆ ನಡೆಯುತ್ತದೆ. ಅಡವಿಟ್ಟ ಚಿನ್ನ ನಕಲಿಯೆಂದು ವರ್ಷದ ನಂತರ ತಿಳಿದರೆ, ತೂಗಿದ ಸರಾಫನೊಂದಿಗೆ ಸಹಿ ಹಾಕಿದ ಅಧಿಕಾರಿಯೂ ಉತ್ತರಿಸಬೇಕು. ಪ್ರಾಮಾಣಿಕ ತೀರ್ಮಾನ ತಪ್ಪಾದವನಿಗೂ ವಂಚಕನಿಗೂ ವ್ಯತ್ಯಾಸ ಇರಲಿ ಎಂದು ಕೇಂದ್ರ ಸರಕಾರ 2021ರಲ್ಲಿ, 50 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಅನ್ವಯಿಸುವಂತೆ ಹೊಣೆಗಾರಿಕೆಯ ಏಕರೂಪದ ಚೌಕಟ್ಟನ್ನು ಹೊರಡಿಸಿತು. ಅದು ಒಳ್ಳೆಯದೇ. ಆದರೆ ಬಂಧುವಿನ, ಗೆಳೆಯನ, ಊರ ಮುಖಂಡನ ಮಾತಿಗೆ ಕಟ್ಟುಬಿದ್ದು ಸಹಿ ಹಾಕುವ ಸ್ವಭಾವದವನಾದರೆ ಈ ಕೆಲಸ ಬೇಡ. ನಮ್ಮ ಸಮುದಾಯದಲ್ಲಂತೂ ಒಬ್ಬ ಮ್ಯಾನೇಜರ್ ಆದರೆ ಸಾಕು, ಇಡೀ ಜಮಾಅತ್ ಅವನ ಮೇಜಿನ ಮುಂದೆ ಕುಳಿತು, ನೀನು ನಮ್ಮವನಲ್ಲವೇ ಎನ್ನುತ್ತದೆ!

ವರ್ಗಾವಣೆಯ ವಿಷಯದಲ್ಲಿ ಕ್ಲರ್ಕ್ ಮತ್ತು ಅಧಿಕಾರಿಯ ನಡುವೆ ದೊಡ್ಡ ವ್ಯತ್ಯಾಸವಿದೆ. ಕ್ಲರ್ಕ್ ಅರ್ಜಿ ಹಾಕುವುದು ಒಂದು ರಾಜ್ಯಕ್ಕೆ. ಆ ರಾಜ್ಯದ ಭಾಷೆ ಬಲ್ಲವನಾಗಿರಬೇಕು. ಕೆಲಸ ಬೀದರ್‌ನಲ್ಲೋ ಕಲಬುರಗಿಯಲ್ಲೋ ಸಿಗಬಹುದು, ಆದರೂ ಅದು ಕರ್ನಾಟಕವೇ. ಪ್ರೊಬೇಷನರಿ ಅಧಿಕಾರಿಯನ್ನು ದೇಶದ ಯಾವ ಮೂಲೆಗೂ ಕಳುಹಿಸಬಹುದು, ಕೆಲವು ವರ್ಷಗಳಿಗೊಮ್ಮೆ ಅಲ್ಲಿಂದಲೂ ಎಬ್ಬಿಸಬಹುದು. ಮಕ್ಕಳ ಶಾಲೆ, ವೃದ್ಧ ಹೆತ್ತವರು, ದುಡಿಯುವ ಪತ್ನಿ ಅಥವಾ ಪತಿ, ಎಲ್ಲವೂ ಆ ಒಂದು ಆದೇಶದ ಮೇಲೆ ನಿಂತಿರುತ್ತವೆ. ಬಡ್ತಿ ಬೇಡವೆಂದು ಬರೆದುಕೊಟ್ಟು ಊರ ಶಾಖೆಯಲ್ಲೇ ಕ್ಲರ್ಕ್ ಆಗಿ ಉಳಿದ ಬುದ್ಧಿವಂತರು ಇದ್ದಾರೆ. ಅವರನ್ನು ಮಹತ್ವಾಕಾಂಕ್ಷೆ ಇಲ್ಲದವರೆಂದು ಹೀಯಾಳಿಸಬೇಡಿ. ಅವರು ಲೆಕ್ಕ ಹಾಕಿಯೇ ಆರಿಸಿಕೊಂಡಿದ್ದಾರೆ.

ಮೊದಲು ಈ ಜಿಲ್ಲೆಯವರಿಗೆ ಒಂದು ಸಮಾಧಾನವಿತ್ತು. ಬ್ಯಾಂಕಿನ ಪ್ರಧಾನ ಕಚೇರಿ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಇತ್ತು. ಮೇಲಧಿಕಾರಿಗೆ ತುಳು ಬರುತ್ತಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕಿನ ಹೆಸರು ಬೋರ್ಡುಗಳಿಂದ ಇಳಿಯಿತು. ನಮ್ಮ ನದಿಯ ಹೆಸರಿನ ನೇತ್ರಾವತಿ ಗ್ರಾಮೀಣ ಬ್ಯಾಂಕ್ 2005ರಲ್ಲೇ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತ್ತು. 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕ್, ಅದರ ಪ್ರಧಾನ ಕಚೇರಿ ಬಳ್ಳಾರಿಯಲ್ಲಿ. ಬ್ಯಾಂಕು ದೊಡ್ಡದಾದಷ್ಟೂ ನೌಕರ ಚಿಕ್ಕವನಾಗುತ್ತಾನೆ. ಅವನ ಅಹವಾಲು ತಲುಪಬೇಕಾದ ಮೇಜು ದೂರವಾಗುತ್ತದೆ. ಹಾಗೆಂದು ದೊಡ್ಡ ಬ್ಯಾಂಕು ಕೆಟ್ಟದ್ದೆನ್ನಲಾಗದು. ಸಣ್ಣ ಸಂಸ್ಥೆ ಮುಳುಗಿದರೆ ನೌಕರನೂ ಮುಳುಗುತ್ತಾನೆ, ಇಲ್ಲಿ ಆ ಭಯ ಕಡಿಮೆ.

ಖಾಸಗಿ ಬ್ಯಾಂಕುಗಳ ಬಗ್ಗೆ ಒಂದೇ ಮಾತು. ಕ್ಯಾಂಪಸ್ಸಿಗೆ ಬಂದು, ಕೋಟು ಹಾಕಿಸಿ, ಆಕರ್ಷಕ ಹುದ್ದೆಯ ಹೆಸರು ಕೊಟ್ಟು ಕರೆದೊಯ್ಯುತ್ತಾರೆ. ಬಹಳಷ್ಟು ಸಲ ಅದು ಮಾರಾಟದ ಕೆಲಸ. ಆಯ್ದ ಖಾಸಗಿ ಬ್ಯಾಂಕುಗಳಲ್ಲಿ ವರ್ಷಕ್ಕೆ ಸರಾಸರಿ ಸುಮಾರು ಶೇ. 25ರಷ್ಟು ನೌಕರರು ಕೆಲಸ ಬಿಡುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2024ರ ಡಿಸೆಂಬರ್‌ನ ತನ್ನ ವರದಿಯಲ್ಲಿ ಕಳವಳ ಪ್ರಕಟಿಸಿತು. ನಾಲ್ವರಲ್ಲಿ ಒಬ್ಬ! ಅನುಭವ ಪಡೆಯಲು ಎರಡು ವರ್ಷ ದುಡಿಯುವುದಾದರೆ ಸರಿ, ಜೀವನವಿಡೀ ನೆಲೆ ನಿಲ್ಲುತ್ತೇನೆಂದು ಹೋಗುವವರು ಯೋಚಿಸಿ ಹೋಗಲಿ.

ಈಗ ತಾಯಂದಿರು ಧ್ವನಿ ತಗ್ಗಿಸಿ ಕೇಳುವ ಪ್ರಶ್ನೆ.

ಬಡ್ಡಿ ನಿಷಿದ್ಧ ಎಂಬುದರಲ್ಲಿ ಭಿನ್ನಮತವಿಲ್ಲ. ಬಡ್ಡಿ ಪಡೆಯುವವನ ಜೊತೆಗೆ ಕೊಡುವವನನ್ನೂ, ಬರೆಯುವವನನ್ನೂ, ಸಾಕ್ಷಿ ನಿಲ್ಲುವವರನ್ನೂ ಪ್ರವಾದಿಯವರು(ಸ) ಸೇರಿಸಿಯೇ ಖಂಡಿಸಿರುವುದರಿಂದ, ಬಡ್ಡಿಯ ವ್ಯವಹಾರವನ್ನು ನೇರವಾಗಿ ನಡೆಸುವ ಉದ್ಯೋಗ ಸಲ್ಲದೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಯೂಸುಫುಲ್ ಖರ್ಝಾವಿಯವರಂತಹ ಕೆಲವು ವಿದ್ವಾಂಸರು, ಬ್ಯಾಂಕಿನ ಕೆಲಸಗಳೆಲ್ಲ ಬಡ್ಡಿಯ ಕೆಲಸಗಳಲ್ಲ, ಇಡೀ ಆರ್ಥಿಕ ವ್ಯವಸ್ಥೆಯೇ ಬಡ್ಡಿಯಲ್ಲಿ ಮುಳುಗಿರುವಾಗ ಮುಸ್ಲಿಮರು ಆ ರಂಗದಿಂದ ಪೂರ್ತಿ ಹೊರಗುಳಿದರೆ ಸಮುದಾಯಕ್ಕೆ ಹಾನಿ ಎಂಬ ನೆಲೆಯಲ್ಲಿ ಅನಿವಾರ್ಯತೆಯನ್ನು ಪರಿಗಣಿಸಿ ಅವಕಾಶ ಕೊಟ್ಟಿದ್ದಾರೆ. ಇಬ್ಬರೂ ಧರ್ಮವನ್ನು ಗಂಭೀರವಾಗಿ ಕಂಡವರೇ. ಈ ವೇದಿಕೆಯಿಂದ ನಾವು ಫತ್ವಾ ಕೊಡುವವರಲ್ಲ. ತಾನು ನಂಬುವ ವಿದ್ವಾಂಸರ ಬಳಿ ಹೋಗಿ, ಕೌಂಟರ್, ಸಾಲ, ತಂತ್ರಜ್ಞಾನ, ಭದ್ರತೆ, ಹೀಗೆ ಯಾವ ವಿಭಾಗದ ಕೆಲಸವೆಂದು ವಿವರವಾಗಿ ಹೇಳಿ ಕೇಳಬೇಕು.

ಆದರೆ ಒಂದು ಮಾತನ್ನು ಹೇಳದಿರಲಾಗದು. ಮಗಳು ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆಂದಾಗ ಹರಾಮ್ ಎನ್ನುವ ತಂದೆ, ಅದೇ ಬ್ಯಾಂಕಿನಿಂದ ವಾಹನ ಸಾಲ ತೆಗೆದಿರುತ್ತಾನೆ. ಮಗನ ಮದುವೆಗೆ ಚಿನ್ನ ಅಡವಿಟ್ಟಿರುತ್ತಾನೆ. ಸಾಲ ಪತ್ರಕ್ಕೆ ಸಹಿ ಹಾಕುವಾಗ ನೆನಪಾಗದ ಧರ್ಮ ಮಗಳ ಅರ್ಜಿಯ ಮುಂದೆ ಮಾತ್ರ ನೆನಪಾಗುವುದಾದರೆ ಅದು ಧರ್ಮವೋ, ಮಗಳನ್ನು ಹೊರಗೆ ಕಳುಹಿಸುವ ಹಿಂಜರಿಕೆಯೋ? ಇನ್ನೊಂದು ಕಡೆ, ಮನಃಪೂರ್ವಕವಾಗಿ ಬಡ್ಡಿಯಿಂದ ದೂರವಿರಲು ನಿರ್ಧರಿಸಿ ಬ್ಯಾಂಕ್ ನೌಕರಿ ಬೇಡವೆನ್ನುವ ಯುವಕನಿದ್ದಾನೆ. ಅವನ ನಿರ್ಧಾರಕ್ಕೆ ಗೌರವವಿದೆ. ಅವನು ಅದೇ ಶ್ರಮವನ್ನು ಕೆಪಿಎಸ್‌ಸಿಗೆ, ಶಿಕ್ಷಕರ ನೇಮಕಾತಿಗೆ, ರೈಲ್ವೆಗೆ, ಅಂಚೆ ಇಲಾಖೆಗೆ ಹಾಕಲಿ. ಗಣಿತ, ತಾರ್ಕಿಕ ಪ್ರಶ್ನೆ, ಇಂಗ್ಲಿಷ್ ಎಂದು ಕಲಿತ ಪಾಠ ಬಹುಪಾಲು ಅಲ್ಲಿಗೂ ಆಗುತ್ತದೆ. ಬೇಡವೆಂದವನು ಪೇಟೆಯ ಕಟ್ಟೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದರೆ ಅದು ಬೇರೆ ಮಾತು.

ಬ್ಯಾಂಕಿಗೆ ಸೇರಿದವನಿಗೂ ಈ ಪ್ರಶ್ನೆ ಮುಗಿಯುವುದಿಲ್ಲ. ಸಿಬ್ಬಂದಿಗೆ ಕಡಿಮೆ ಬಡ್ಡಿಯ ಗೃಹ ಸಾಲವನ್ನು ದೊಡ್ಡ ಸೌಲಭ್ಯವೆಂದು ಎಣಿಸುತ್ತಾರೆ. ಬಡ್ಡಿ ಕೊಡಬಾರದೆಂದು ನಂಬಿದವನ ಲೆಕ್ಕದಲ್ಲಿ ಆ ಸೌಲಭ್ಯ ಇಲ್ಲದಂತೆಯೇ. ಬಡ್ಡಿರಹಿತ ಬ್ಯಾಂಕಿಂಗ್ ನಮ್ಮಲ್ಲಿ ಬರಬಹುದೆಂಬ ನಿರೀಕ್ಷೆಯೂ ಒಂದು ಕಾಲದಲ್ಲಿ ಇತ್ತು. ರಘುರಾಮ್ ರಾಜನ್ ಅಧ್ಯಕ್ಷತೆಯ ಆರ್ಥಿಕ ವಲಯ ಸುಧಾರಣಾ ಸಮಿತಿ 2008ರಲ್ಲಿ ಅದನ್ನು ಶಿಫಾರಸು ಮಾಡಿತ್ತು. ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂಬ ರಿಸರ್ವ್ ಬ್ಯಾಂಕಿನ ತೀರ್ಮಾನ 2017ರಲ್ಲಿ ಹೊರಬಂತು.

ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು. ನಮ್ಮ ಮೂರೂ ಊರುಗಳ ಕಾಲೇಜುಗಳಲ್ಲಿ ಚೆನ್ನಾಗಿ ಅಂಕ ತೆಗೆಯುತ್ತಿರುವವರಲ್ಲಿ ಅವರೇ ಮುಂದಿದ್ದಾರೆ. ಬಿ.ಕಾಂ. ಮುಗಿಸಿದ ಮರುವರ್ಷ ಮದುವೆ, ನಂತರ ಪುಸ್ತಕ ಅಟ್ಟಕ್ಕೆ. ಕ್ಲರ್ಕ್ ಪರೀಕ್ಷೆಗೆ ವಯೋಮಿತಿ 20ರಿಂದ 28, ಅಧಿಕಾರಿ ಪರೀಕ್ಷೆಗೆ 20ರಿಂದ 30. ಮದುವೆಯಾದ ಹೆಣ್ಣುಮಗಳಿಗೂ ಈ ಬಾಗಿಲು ಮುಚ್ಚಿಲ್ಲ. ಮದುವೆಯ ಮಾತುಕತೆಯಲ್ಲಿ ಚಿನ್ನದ ತೂಕದ ಜೊತೆಗೆ, ಹುಡುಗಿ ಪರೀಕ್ಷೆ ಬರೆಯಬಹುದೇ ಎಂಬ ಒಂದು ಪ್ರಶ್ನೆಯನ್ನು ಹೆತ್ತವರು ಕೇಳಿದರೆ ಯಾರ ಮರ್ಯಾದೆಯೂ ಹೋಗದು. ಇನ್ನು, ಶಾಖೆಗೆ ಬರುವ ಅಜ್ಜಿಯಂದಿರಿಗೆ ಚಲನ್ ತುಂಬಿಸಿಕೊಡುವವರು ಬೇಕು. ಬ್ಯಾರಿ, ತುಳು, ಕನ್ನಡ ಮೂರೂ ಬಲ್ಲ ಹುಡುಗಿ ಕೌಂಟರಿನಲ್ಲಿದ್ದರೆ ಯಾರಿಗೆ ಅನುಕೂಲ? ಹೊರ ರಾಜ್ಯದಿಂದ ಬಂದ ನೌಕರನಿಗೆ ಕನ್ನಡ ಬಾರದೆಂದು ನಾವು ಪತ್ರಿಕೆಗೆ ಬರೆಯುತ್ತೇವೆ. ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ 2021ರಲ್ಲೇ ಆಗಿದೆ. ಆ ಕುರ್ಚಿಗೆ ನಮ್ಮ ಮಕ್ಕಳು ಅರ್ಜಿ ಹಾಕಿದ್ದರೇ ಎಂದೂ ಕೇಳಿಕೊಳ್ಳಬೇಕು.

ತಯಾರಿಯ ಬಗ್ಗೆ ಪ್ರಾಯೋಗಿಕ ಸಂಗತಿಗಳು. ಕ್ಲರ್ಕ್ ಹುದ್ದೆಯ ಪ್ರಾಥಮಿಕ ಪರೀಕ್ಷೆಯಲ್ಲಿ 100 ಪ್ರಶ್ನೆಗಳಿಗೆ 60 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಗಳು ಕಷ್ಟವಲ್ಲ, ಸಮಯ ಕಷ್ಟ. ದಿನಕ್ಕೆ ಎರಡು ಗಂಟೆಯಂತೆ ಎಂಟು-ಹತ್ತು ತಿಂಗಳು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದವರಿಗೆ ಅಸಾಧ್ಯವೇನಲ್ಲ. ಹತ್ತಿಪ್ಪತ್ತು ಮಂದಿ ಸೇರಿ ಮದ್ರಸದ ಖಾಲಿ ಕೋಣೆಯಲ್ಲಿ ಸಂಜೆ ಕುಳಿತರೆ ಕೋಚಿಂಗ್ ಶುಲ್ಕವೂ ಉಳಿಯುತ್ತದೆ. ಬೆಂಚು, ದೀಪ, ಹಳೆಯ ಪ್ರಶ್ನೆಪತ್ರಿಕೆಗಳ ಖರ್ಚನ್ನು ಜಮಾಅತ್ ಕಮಿಟಿಗಳು ವಹಿಸಿಕೊಳ್ಳಲಿ.

ಕೊನೆಯದಾಗಿ ಪ್ರಮಾಣಪತ್ರದ ವಿಷಯ, ಬಹಳ ಮಂದಿ ಎಡವುವುದು ಇಲ್ಲೇ. ರಾಜ್ಯದ 2ಬಿ ಪ್ರಮಾಣಪತ್ರ ಬ್ಯಾಂಕ್ ಪರೀಕ್ಷೆಗೆ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಕೇಂದ್ರ ಸರಕಾರದ ನಮೂನೆಯ ಒಬಿಸಿ ಪ್ರಮಾಣಪತ್ರ, ಅದೂ ಕೆನೆಪದರಕ್ಕೆ ಸೇರಿಲ್ಲವೆಂದು ನಮೂದಿಸಿದ್ದು. ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರದ ಪಟ್ಟಿಯಲ್ಲಿ ಮುಸ್ಲಿಮರ ಕೆಲವು ಪಂಗಡಗಳನ್ನು ಹೊರಗಿಟ್ಟಿದ್ದಾರೆ. ಸಯ್ಯಿದ್, ಶೇಖ್, ಪಠಾಣ್ ಮುಂತಾದವರಿಗೆ ಅಲ್ಲಿ ಅವಕಾಶವಿಲ್ಲ. ಶಾಲಾ ದಾಖಲೆಯಲ್ಲಿ ಜಾತಿಯ ಅಂಕಣದಲ್ಲಿ ಏನು ಬರೆದಿದೆ ಎಂದು ಇಂದೇ ಮನೆಗೆ ಹೋಗಿ ನೋಡಿ. ಸರಿಯಿದ್ದರೆ ಅರ್ಜಿಯ ಪ್ರಕಟಣೆ ಬರುವ ತನಕ ಕಾಯದೆ ಬಿ.ಸಿ.ರೋಡ್, ಬೆಳ್ತಂಗಡಿ ಅಥವಾ ಮೂಡುಬಿದಿರೆಯ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟುಬಿಡಿ. ಒಬಿಸಿಗೆ ವಯೋಮಿತಿಯಲ್ಲಿ ಮೂರು ವರ್ಷ ಸಡಿಲಿಕೆ ಇದೆ, ಇಪ್ಪತ್ತೆಂಟು ದಾಟಿದವರು ಈ ಸಭೆಯಲ್ಲಿದ್ದರೆ ಅವರೂ ಕೇಳಿಸಿಕೊಳ್ಳಲಿ. ಪ್ರಶ್ನೆಗಳಿದ್ದವರು ಈಗ ಕೇಳಬಹುದು. ಹೆಣ್ಣುಮಕ್ಕಳ ಕಡೆಯಿಂದ ಮೊದಲು ಬರಲಿ.